ಎಪ್ಪತ್ತು ವರ್ಷದ ಗಿಟಾರು

ವರದಾ ನದಿಯ ದಂಡೆಯಲ್ಲಿ ಅಡವಯ್ಯ ಎಂಬ ಗುರುಗಳಿದ್ದರು. ಅವರ ಆಶ್ರಮವೆಂದರೆ ಮೂರು ಕೋಣೆ, ಮುಂದೊಂದು ಕಟ್ಟೆ, ನೀರಿಗಿಳಿಯಲು ಒಂಬತ್ತು ಮೆಟ್ಟಿಲು.

ಅವರು ಹಾಡುಗಾರರು. ಯಾವ ವಾದ್ಯವನ್ನೂ ನುಡಿಸುತ್ತಿರಲಿಲ್ಲ. ಅವರು ಹಾಡಿ ತೋರಿಸಬೇಕು, ಶಿಷ್ಯ ಅದನ್ನು ಕೇಳಿ ತನ್ನ ವಾದ್ಯದ ಮೇಲೆ ಹುಡುಕಿಕೊಳ್ಳಬೇಕು. ಅವರ ಪಾಠ ಅಷ್ಟೇ.

ತೋಂಟೇಶ ಹನ್ನೊಂದು ವರ್ಷದಿಂದ ಅವರ ಬಳಿ ಇದ್ದ. ಅವನ ವಾದ್ಯ ಗಿಟಾರು. ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಎಡಗೈಯ ಉಕ್ಕಿನ ಸರಳನ್ನು ತಂತಿಯ ಮೇಲೆ ಜಾರಿಸುತ್ತ ರಾಗ ನುಡಿಸುತ್ತಿದ್ದ.

ಒಮ್ಮೆ ಹೊಸ ತಂತಿ ತರಲೆಂದು ಹುಬ್ಬಳ್ಳಿಗೆ ಹೋದವನು ಮರುದಿನ ಬೆಳಿಗ್ಗೆ ಬಂದ. ತಂತಿ ತಂದಿರಲಿಲ್ಲ. ಬಂದವನೇ ಗುರುಗಳ ಎದುರು ಕುಳಿತ.

"ಗುರುಗಳ, ಒಂದು ಮಾತು ಕೇಳಬೇಕಿತ್ರಿ."

"ಕೇಳು."

"ಹಳೇ ಗಿಟಾರಿಗೆ ಲಕ್ಷಗಟ್ಟಲೆ ಹೇಳ್ತಾರ. ಅದು ಅಷ್ಟು ಬೆಲೆ ಬಾಳ್ತೈತೇನ್ರಿ?"

"ಯಾವುದಾರ ನೋಡಿ ಬಂದಿಯೇನು?"

ನೋಡಿ ಬಂದಿದ್ದ. ಹುಬ್ಬಳ್ಳಿಯ ರೈಲು ನಿಲ್ದಾಣದ ಹಿಂದೆ ಪಾಸ್ಕಲ್ ಎಂಬ ಮುದುಕರ ಅಂಗಡಿ ಇತ್ತು. ಅವರ ಅಪ್ಪ ರೈಲ್ವೆ ಬ್ಯಾಂಡಿನವರ ವಾದ್ಯಗಳನ್ನು ರಿಪೇರಿ ಮಾಡಿ ಬದುಕಿದವರು. ಬ್ಯಾಂಡು ಮುಗಿದು, ಬಾರಿಸುವವರೆಲ್ಲ ಊರು ಬಿಟ್ಟ ಮೇಲೂ ಒಂದು ಗಿಟಾರು ಅಲ್ಲೇ ಉಳಿದಿತ್ತು. ಎಪ್ಪತ್ತು ವರ್ಷದ ಹಿಂದೆ ಹಡಗಿನಲ್ಲಿ ಬಂದದ್ದು. ಮುಖದ ಹಲಗೆ ಜೇನಿನ ಬಣ್ಣಕ್ಕೆ ತಿರುಗಿತ್ತು. ಕೈ ತಾಗಿ ತಾಗಿ ಒಂದು ಕಡೆ ಬಣ್ಣವೇ ಹೋಗಿತ್ತು.

"ನುಡಿಸಿ ನೋಡಿದಿ?"

"ಒಂದೇ ಒಂದು ಷಡ್ಜ ನುಡಿಸಿದೆ. ಅದು ಅಂಗಡಿ ಬಿಟ್ಟು ಹೋಗಲೇ ಇಲ್ರಿ."

"ಹಂಗಾರ ಬಾಳ್ತೈತಿ."

ತೋಂಟೇಶ ಬೈಸಿಕೊಳ್ಳಲು ತಯಾರಾಗಿ ಬಂದಿದ್ದ.

"ನಿನ್ನ ಗಿಟಾರು ತಾ," ಎಂದರು ಗುರುಗಳು.

ಅವನದು ಪ್ಲೈವುಡ್ಡಿನ ಗಿಟಾರು. ತಂದು ತೊಡೆಯ ಮೇಲಿಟ್ಟುಕೊಂಡ.

"ಷಡ್ಜ ನುಡಿಸು."

ನುಡಿಸಿದ. ಸ್ವರ ಎದ್ದಿತು, ನಾಲ್ಕು ಹೆಜ್ಜೆ ನಡೆದು ಕುಸಿಯಿತು. ತೋಂಟೇಶ ಸರಳನ್ನೆತ್ತಿ, "ನೋಡಿದ್ರ್ಯಾ, ನಿಲ್ಲೋದೇ ಇಲ್ಲ," ಎಂದ.

"ಇನ್ನೊಮ್ಮೆ ನುಡಿಸು. ಈ ಸಲ ಸ್ವರ ಹೋದ ಮ್ಯಾಲೂ ಕೈ ಎತ್ತಬ್ಯಾಡ."

ನುಡಿಸಿದ. ಕೈ ಎತ್ತಲಿಲ್ಲ. ಇಬ್ಬರೂ ಸುಮ್ಮನೆ ಕುಳಿತರು.

"ಏನು ಕೇಳ್ತೈತಿ?"

"ಆಚೆ ದಂಡಿಗೆ ಅರಿವಿ ಒಗೆಯೋ ಸಪ್ಪಳ."

"ಸ್ವರ?"

"ಅದು ಆಗಲೇ ಹೋತಲ್ರಿ."

"ನನಗ ಇನ್ನೂ ಕೇಳಾಕತ್ತೈತಿ," ಎಂದರು ಗುರುಗಳು.

ತೋಂಟೇಶ ತಲೆ ತಗ್ಗಿಸಿದ. ಅವನಿಗೆ ಕೇಳಿಸುತ್ತಿದ್ದುದು ಪಾಸ್ಕಲ್ ಅವರ ಅಂಗಡಿಯ ಷಡ್ಜ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದೇ ಕೇಳಿಸಿತ್ತು.

"ನನಗ ಅದು ಬೇಕ್ರಿ," ಎಂದ. "ಇದರ ಮ್ಯಾಲ ಇನ್ನ ಮುಂದ ಹೋಗಾಕ ಆಗಂಗಿಲ್ಲ. ಗೋವಾದಾಗ ಒಂದು ಹೋಟೆಲಿನವರು ಕರದಾರ. ಸಂಜೀಮುಂದ ನುಡಿಸೋದು. ಎರಡು, ಹೆಚ್ಚಂದ್ರ ಮೂರು ವರ್ಷ. ಗಿಟಾರು ತಗೊಂಡು ಬಂದುಬಿಡ್ತೀನಿ."

ಗುರುಗಳು ನೀರಿನ ಕಡೆ ತಿರುಗಿದರು.

"ನಸುಕಿನ ಚೀಜು ನೆನಪೈತೇನು?"

ನೆನಪಿಲ್ಲದೆ ಏನು. ಗುರುಗಳು ತಮ್ಮ ಗುರುಗಳಿಂದ ಪಡೆದ ಒಂದು ಬಂದಿಶ್ ಅದು, ರಾಗದಲ್ಲಿ ಕಟ್ಟಿದ ಹಾಡು. ನಸುಕಿನಲ್ಲಿ ಮಾತ್ರ ಹಾಡುತ್ತಿದ್ದರು, ವರ್ಷಕ್ಕೆ ಒಂದೆರಡು ಸಲ, ಅದೂ ಒಬ್ಬರೇ ನದಿಯ ಮೆಟ್ಟಿಲಿಗೆ ಹೋಗಿ. ಯಾರಿಗೂ ಕಲಿಸಿರಲಿಲ್ಲ. ತೋಂಟೇಶ ದೂರದಿಂದ ಎರಡು ಬಾರಿ ಕೇಳಿದ್ದ. ಅದರ ಗಾಂಧಾರ ಸ್ವರ ಮೇಲಿನದೂ ಅಲ್ಲ, ಕೆಳಗಿನದೂ ಅಲ್ಲ. ನಡುವೆ ಎಲ್ಲೋ ಒಂದು ಕಡೆ ನಿಂತು, ನಿಂತಲ್ಲೇ ಸಣ್ಣಗೆ ಆಡುತ್ತಿತ್ತು.

"ಶ್ರಾವಣ ಮುಗಿಯೋತನಕ ಇರು," ಎಂದರು ಗುರುಗಳು. "ಅದನ್ನ ನಿನಗ ಕೊಟ್ಟುಬಿಡ್ತೀನಿ. ಆ ಗಾಂಧಾರ ಬರದು ಕೊಡಾಕ ಬರಂಗಿಲ್ಲ. ಎದುರಿಗೆ ಕೂಡಿಸಿಕೊಂಡು ಹಾಡಬೇಕು."

ಹನ್ನೊಂದು ವರ್ಷ ತೋಂಟೇಶ ಬಯಸಿದ್ದು ಅದನ್ನೇ. ಆದರೆ ಕಣ್ಣು ತೊಡೆಯ ಮೇಲಿನ ಪ್ಲೈವುಡ್ಡಿನ ಮೇಲೆ ಬಿತ್ತು.

"ಅಂಥಾದ್ದನ್ನ ಇದರ ಮ್ಯಾಲ ಹೆಂಗ ಹಿಡೀಲ್ರಿ? ಆ ಗಿಟಾರು ಬರಲಿ. ಅದರ ಮ್ಯಾಲ ಕಲೀತೀನಿ."

"ಅದು ಎಷ್ಟು ವರ್ಷದ್ದು ಅಂದಿ?"

"ಎಪ್ಪತ್ತು."

"ನನಗ ಎಪ್ಪತ್ತೆಂಟು," ಎಂದರು ಗುರುಗಳು.

ತಮಾಷೆ ಮಾಡುತ್ತಿದ್ದಾರೆಂದು ತಿಳಿದು ತೋಂಟೇಶ ನಕ್ಕ. ಗುರುಗಳೂ ನಕ್ಕರು.

ಆ ವಾರವೇ ಅವನು ಹೊರಟ.

ಗೋವಾದ ಹೋಟೆಲು ಸಮುದ್ರಕ್ಕೆ ಮುಖ ಮಾಡಿತ್ತು. ದಿನಾ ಸಂಜೆ ಊಟದ ಮೇಜುಗಳ ನಡುವೆ ಒಂದು ಕುರ್ಚಿ ಹಾಕುತ್ತಿದ್ದರು. ತೋಂಟೇಶ ಸಿನಿಮಾ ಹಾಡು ನುಡಿಸುತ್ತಿದ್ದ. ಮೀನು ಬಿಡಿಸಿಕೊಂಡು ತಿನ್ನುವವರು ತಲೆ ಎತ್ತುತ್ತಿರಲಿಲ್ಲ. ಒಂದು ಹಾಡು ಮುಗಿದ ಕೂಡಲೇ ಇನ್ನೊಂದು ಶುರುವಾಗಬೇಕು, ನಡುವೆ ಮೌನ ಬರಕೂಡದು ಎಂದು ಮ್ಯಾನೇಜರ್ ಮೊದಲ ದಿನವೇ ಹೇಳಿದ್ದರು.

ಮೊದಲೆಲ್ಲ ಬೆಳಿಗ್ಗೆ ಎದ್ದು ರಿಯಾಜಕ್ಕೆ ಕೂರುತ್ತಿದ್ದ. ಆಮೇಲೆ ವಾರಕ್ಕೆ ಮೂರು ದಿನವಾಯಿತು. ಆಮೇಲೆ ಎಷ್ಟು ದಿನವೆಂದು ಅವನಿಗೇ ಗೊತ್ತಿರಲಿಲ್ಲ. ಹೇಗೂ ಆ ಗಿಟಾರು ಬಂದ ಮೇಲೆ ಎಲ್ಲವನ್ನೂ ಮೊದಲಿನಿಂದ ಹಿಡಿಯುವುದಿದೆ ಎಂದುಕೊಳ್ಳುತ್ತಿದ್ದ.

ವರ್ಷಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಪಾಸ್ಕಲ್ ಅವರ ಅಂಗಡಿಯಲ್ಲಿ ಗಿಟಾರನ್ನು ನೋಡಿ ಬರುತ್ತಿದ್ದ. ಆಶ್ರಮ ಅಲ್ಲಿಂದ ಬಸ್ಸಿಗೆ ಮೂರು ತಾಸು. ರಜೆ ಒಂದೇ ದಿನ ಇರುತ್ತಿತ್ತು.

ಎರಡನೆಯ ಸಲ ಹೋದಾಗ ಬೆಲೆ ಏರಿತ್ತು.

"ಇದೇನ್ರಿ, ಹೋದ ವರ್ಷದ ಗಿಟಾರೇ ಅಲ್ಲೇನ್ರಿ ಇದು?" ಎಂದು ತೋಂಟೇಶ ಕೇಳಿದ.

"ಹೋದ ವರ್ಷದ್ದಲ್ಲ. ಒಂದು ವರ್ಷ ಹಳೇದಾತು," ಎಂದರು ಪಾಸ್ಕಲ್. ಮುದುಕರು ಸುಳ್ಳು ಹೇಳುವ ಪೈಕಿ ಅಲ್ಲ. ಕನ್ನಡಕ ಒರೆಸಿಕೊಂಡು ಹೇಳಿದರು: "ನೋಡ್ರಿ, ಇಂಥಾ ಮರ ಈಗ ಕಡಿಯಾಕ ಕೊಡಂಗಿಲ್ಲ. ಸಿಕ್ಕರೂ ಹಿಂಗ ಒಣಗಾಕ ಎಪ್ಪತ್ತು ವರ್ಷ ಬೇಕು. ಮರಕ್ಕ ಇಷ್ಟು ಬೆಲೆ. ಒಳಗ ಕಂಪನಿ ಹೆಸರೈತಿ, ಅದಕ್ಕ ಇಷ್ಟು. ಉಳಿದದ್ದು ನೀವು ಬಂದು ಬಂದು ನೋಡಿ ಹೋಗ್ತೀರಲ್ಲ, ಅದಕ್ಕ."

ಆ ಮಾತಿನಿಂದಲೂ ತೋಂಟೇಶನ ಆಸೆ ಕಡಿಮೆಯಾಗಲಿಲ್ಲ.

ಆ ವರ್ಷದ ದೀಪಾವಳಿಯ ಸುಮಾರಿಗೆ ಆಶ್ರಮದಿಂದ ಫೋನು ಬಂತು. ಮಾತಾಡಿದವಳು ನೀಲವ್ವ. ಗುರುಗಳಿಗೆ ಅಡುಗೆ ಮಾಡಿಕೊಂಡು ಆಶ್ರಮದಲ್ಲೇ ಇದ್ದ ಹೆಂಗಸು.

"ತಮ್ಮಾ, ಅಜ್ಜಾರಿಗೆ ಕಿವಿ ಮಂದ ಆಗಾಕತ್ತಾವ. ಒಮ್ಮೆ ಬಂದು ಹೋಗು."

"ಡಾಕ್ಟರಿಗೆ ತೋರಿಸಿದ್ರ್ಯಾ ನೀಲಕ್ಕಾ?"

"ತೋರಿಸೇವಿ. ಮಷೀನು ಹಾಕಿದ್ರು. ಸ್ವರ ತಗಡಿನಂಗ ಕೇಳ್ತಾವಂತ ತಗದು ಇಟ್ಟಾರ."

"ನಾ ಬರ್ತೀನಿ. ಇನ್ನೊಂದು ನಾಲ್ಕು ತಿಂಗಳು. ಗಿಟಾರು ತಗೊಂಡೇ ಬರ್ತೀನಿ ಅಂತ ಹೇಳ್ರಿ."

ಆ ಕಡೆ ನೀಲವ್ವ ಗುರುಗಳಿಗೆ ಕೂಗಿ ಹೇಳುವುದು ಕೇಳಿಸಿತು. ಒಂದೇ ಮಾತನ್ನು ಮೂರು ಸಲ ಕೂಗಬೇಕಾಯಿತು. ಆಮೇಲೆ ಫೋನಿಗೆ ಬಂದು, "ಆತು, ಬರಲಿ ಅಂದ್ರು," ಎಂದಳು.

ನಾಲ್ಕು ತಿಂಗಳು ಹತ್ತಾಯಿತು.

ಗಿಟಾರು ಕೈಗೆ ಬಂದ ದಿನ ಪಾಸ್ಕಲ್ ಅದನ್ನು ಹಳೆಯ ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಿದರು. ಕೊಡುವಾಗ ಅವರ ಕೈ ಪೆಟ್ಟಿಗೆಯ ಮೇಲೆ ಸ್ವಲ್ಪ ಹೊತ್ತು ಉಳಿಯಿತು.

"ಮೊದಲು ಯಾರಿಗೆ ಕೇಳಿಸ್ತೀರಿ?"

"ನಮ್ಮ ಗುರುಗಳಿಗೆ."

"ಬೇಗ ಹೋಗ್ರಿ," ಎಂದರು ಪಾಸ್ಕಲ್.

ತೋಂಟೇಶ ಆಶ್ರಮಕ್ಕೆ ಬಂದಾಗ ಗುರುಗಳು ಕಟ್ಟೆಯ ಮೇಲೆ ನದಿಯ ಕಡೆ ಮುಖ ಮಾಡಿ ಕುಳಿತಿದ್ದರು. ಅವನು ಹಿಂದಿನಿಂದ, "ಗುರುಗಳ," ಎಂದ. ಅವರು ತಿರುಗಲಿಲ್ಲ. ಮತ್ತೊಮ್ಮೆ ಕರೆದ. ತಿರುಗಲಿಲ್ಲ. ಎದುರಿಗೆ ಹೋಗಿ ಕಾಲು ಮುಟ್ಟಿದ ಮೇಲೆ ತಲೆಯ ಮೇಲೆ ಕೈ ಬಂತು.

"ಬಂದ್ಯಾ," ಎಂದರು. ದನಿ ಬೇಕಾದ್ದಕ್ಕಿಂತ ದೊಡ್ಡದಾಗಿತ್ತು.

ನೀಲವ್ವ ಒಳಗಿನಿಂದ ಒಂದು ಪಾಟಿ, ಒಂದು ಬಳಪ ತಂದು ಅವನ ಕೈಗಿಟ್ಟಳು. ಸಾಲೆಯ ಮಕ್ಕಳು ಬರೆಯುವಂಥ ಪಾಟಿ.

"ಏನಿದ್ದರೂ ಇದರ ಮ್ಯಾಲ ಬರಿ. ಕೂಗಬ್ಯಾಡ. ಕಿವಿ ಪೂರಾ ಹೋಗ್ಯಾವ."

ತೋಂಟೇಶ ಬಳಪ ಹಿಡಿದು ಕುಳಿತ.

"ಪೆಟಿಗಿ ತಗಿ. ನೋಡೋಣು," ಎಂದರು ಗುರುಗಳು.

ತೆಗೆದ. ಅವರು ಗಿಟಾರಿನ ಅಂಚನ್ನೆಲ್ಲ ಬೆರಳಿನಿಂದ ಸವರಿದರು. ಬಣ್ಣ ಹೋದ ಜಾಗಕ್ಕೆ ಬಂದಾಗ ಬೆರಳು ನಿಂತಿತು. "ಭಾಳ ಮಂದಿ ದುಡದಾರ ಇದರ ಮ್ಯಾಲ," ಎಂದರು. "ನುಡಿಸು."

ತೋಂಟೇಶ ನುಡಿಸಿದ. ಅಂಗಡಿಯಲ್ಲಿ ಕೇಳಿದ್ದೇನೂ ಭ್ರಮೆಯಾಗಿರಲಿಲ್ಲ. ಷಡ್ಜ ಎದ್ದು ಕಟ್ಟೆ ದಾಟಿ, ಮೆಟ್ಟಿಲಿಳಿದು, ನೀರಿನ ಮೇಲೆ ಹೋಯಿತು. ಒಲೆಯ ಮುಂದಿದ್ದ ನೀಲವ್ವ ಕೈಯಲ್ಲಿ ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತಳು.

ಗುರುಗಳು ಅವನ ಎಡಗೈಯನ್ನು ನೋಡುತ್ತಿದ್ದರು.

"ಮಧ್ಯಮಕ್ಕ ಹೋಗೋ ಮುಂದ ಅವಸರ ಮಾಡಿದಿ," ಎಂದರು. "ಮೊದಲು ಹಿಂಗ ಮಾಡ್ತಿರಲಿಲ್ಲ."

ಅದು ನಿಜವಾಗಿತ್ತು. ಪ್ಲೈವುಡ್ಡಿನಲ್ಲಿ ಮುಚ್ಚಿಹೋಗುತ್ತಿದ್ದ ಆ ಅವಸರ ಈ ಗಿಟಾರಿನಲ್ಲಿ ನದಿಯ ಆಚೆ ದಂಡೆಯವರೆಗೂ ಕೇಳಿಸಿತ್ತು.

ತೋಂಟೇಶ ಪಾಟಿ ತೆಗೆದುಕೊಂಡು ಬರೆದ: ನಸುಕಿನ ಚೀಜು.

ಗುರುಗಳು ಓದಿದರು. "ನಾಳೆ," ಎಂದರು.

ಅವರು ಒಳಗೆ ಹೋದ ಮೇಲೆ ನೀಲವ್ವ ಮೆಲ್ಲಗೆ ಹೇಳಿದಳು.

"ಹೋದ ವರ್ಷ ಇನ್ನೂ ಸ್ವಲ್ಪ ಕೇಳ್ತಿದ್ದಾಗ ನಾನೇ ಅಂದೆ, ಅಜ್ಜಾರ, ಆ ಹಾಡು ನನ್ನ ಮೊಬೈಲಿನ್ಯಾಗ ಹಾಡಿ ಇಡ್ರಿ ಅಂತ. ಅವನೇ ಬರ್ತಾನಲ್ಲ ನೀಲವ್ವ, ಮಷೀನಿಗೆ ಯಾಕ ಹಾಡ್ಲಿ ಅಂದ್ರು. ಆಮ್ಯಾಲ ದಿನಾ ಮುಂಜಾನೆ ಬಸ್ಸು ಬರೋ ಹೊತ್ತಿಗೆ ಕಟ್ಟಿ ಮ್ಯಾಲ ಬಂದು ಕುಂದರ್ತಿದ್ರು."

ಮರುದಿನ ನಸುಕಿನಲ್ಲಿ ಇಬ್ಬರೂ ಮೆಟ್ಟಿಲ ಮೇಲೆ ಕುಳಿತರು. ತೋಂಟೇಶ ತಂಬೂರಿ ಶ್ರುತಿ ಮಾಡಿ ಮೀಟತೊಡಗಿದ. ಗುರುಗಳು ಅವನ ಬೆರಳು ಆಡುವುದನ್ನು ನೋಡಿ, ಕಣ್ಣು ಮುಚ್ಚಿ ಹಾಡಿದರು.

ಷಡ್ಜ ತಂಬೂರಿಯ ಹತ್ತಿರಕ್ಕೆ ಬಂತು, ಸೇರಲಿಲ್ಲ. ರಿಷಭ ದಾಟಿ ಗಾಂಧಾರಕ್ಕೆ ಹೋದರು. ತೋಂಟೇಶ ಉಸಿರು ಹಿಡಿದು ಕೇಳಿದ.

ಅವರು ಎರಡನೆಯ ಸಲ ಅದೇ ಸಾಲನ್ನು ಹಾಡಿದರು. ಗಾಂಧಾರ ಬೇರೆ ಕಡೆ ನಿಂತಿತು.

ಮೂರನೆಯ ಸಲ ಇನ್ನೊಂದು ಕಡೆ.

ಮೂರರಲ್ಲಿ ಯಾವುದು ರಾಗದ್ದು, ಯಾವುದು ಜಾರಿದ್ದು, ತೋಂಟೇಶನಿಗೆ ತಿಳಿಯಲಿಲ್ಲ. ತಿಳಿಯುವಂತಿರಲಿಲ್ಲ. ಎರಡು ಬಾರಿ ದೂರದಿಂದ ಕೇಳಿದ ನೆನಪನ್ನು ಎಷ್ಟು ಕೆದಕಿದರೂ ಅದು ಯಾವುದಕ್ಕೂ ಸಾಕ್ಷಿ ಹೇಳಲಿಲ್ಲ.

ಗುರುಗಳ ಮುಖದಲ್ಲಿ ಮಾತ್ರ ಹಾಡು ಸರಿಯಾಗಿಯೇ ಇತ್ತು. ಒಳಗೆ ಅದು ಇದ್ದ ಹಾಗೇ ಇತ್ತು. ಹೊರಗೆ ಬರುವ ದಾರಿಯಲ್ಲಿ ಕಳೆದುಹೋಗುತ್ತಿತ್ತು.

ಹಾಡು ಮುಗಿಸಿ ಕಣ್ಣು ಬಿಟ್ಟರು.

"ಸಿಕ್ಕಿತೇನು?"

ತೋಂಟೇಶ ಹೌದೆಂದು ತಲೆ ಆಡಿಸಿದ.

ಗುರುಗಳು ಅವನನ್ನೇ ನೋಡಿದರು.

"ಎಲ್ಲಿ ಜಾರಿತು?"

ಅವನು ಇಲ್ಲವೆಂದು ತಲೆ ಆಡಿಸಿದ.

"ನಿನ್ನ ಮುಖ ಓದಾಕ ನನಗ ಕಿವಿ ಬ್ಯಾಡ, ತೋಂಟೇಶ," ಎಂದರು. ಆಮೇಲೆ ಅವನ ಕೈಯಿಂದ ತಂಬೂರಿ ತೆಗೆದುಕೊಂಡು ಮೆಟ್ಟಿಲ ಬದಿಯ ಗೋಡೆಗೆ ಒರಗಿಸಿದರು. ಮತ್ತೆ ಹಾಡಲಿಲ್ಲ.

ಬಿಸಿಲೇರುವ ಹೊತ್ತಿಗೆ ತೋಂಟೇಶ ಗಿಟಾರನ್ನು ಪೆಟ್ಟಿಗೆಗೆ ಹಾಕಿ, ಚಪ್ಪಲಿ ಮೆಟ್ಟಿ ನಿಂತಿದ್ದ. ಪಾಟಿಯ ಮೇಲೆ ಬರೆದು ತೋರಿಸಿದ: ವಾಪಸ್ ಕೊಟ್ಟು ಬರ್ತೀನಿ. ನನಗ ಇದು ಬ್ಯಾಡ.

"ಯಾಕ?"

ಅವನು ಅಳಿಸಿ ಬರೆದ: ಇದರಿಂದ ಎಲ್ಲಾ ಹೋತು.

"ಅದರ ಮ್ಯಾಲ ಯಾಕ ಸಿಟ್ಟು? ಅದು ನಿನ್ನ ಕರಿದಿರಲಿಲ್ಲ," ಎಂದರು ಗುರುಗಳು. "ಪಾಸ್ಕಲ್ಲರಿಗೆ ಕೊಟ್ಟರ ಅವರು ನಿನ್ನ ರೊಕ್ಕ ವಾಪಸ್ ಕೊಟ್ಟಾರು. ವರ್ಷ ಕೊಡ್ತಾರೇನು?"

ತೋಂಟೇಶ ಚಪ್ಪಲಿ ಬಿಟ್ಟು ಕುಳಿತ. ಪಾಟಿಯ ಮೇಲೆ ಬರೆದ: ತಪ್ಪು ಮಾಡಿದೆ.

ಗುರುಗಳು ಹೆಗಲ ಮೇಲಿನ ವಸ್ತ್ರದಿಂದ ಅದನ್ನು ಒರೆಸಿದರು.

"ನಾನೂ ಮಾಡೀನಿ. ಇವ ಬಂದ ಮ್ಯಾಲ ಹಾಡಿದರಾತು ಅಂತ ಇಟ್ಟುಕೊಂಡು ಕುಂತೆ," ಎಂದರು.

ಅವನು ಅಲ್ಲೇ ಉಳಿದ. ಹೋಟೆಲಿಗೆ ಬರುವುದಿಲ್ಲವೆಂದು ಹೇಳಿ ಕಳಿಸಿದ.

ಮರುದಿನ ಅವನು ರಿಯಾಜಕ್ಕೆ ಕುಳಿತಾಗ ಗುರುಗಳು ಬಂದು ಪಕ್ಕದಲ್ಲಿ ಕುಳಿತರು. ಕೈ ಚಾಚಿ ಅಂಗೈಯನ್ನು ಗಿಟಾರಿನ ಮುಖದ ಹಲಗೆಯ ಮೇಲೆ ಊರಿದರು.

"ಈಗ ನುಡಿಸು."

ನುಡಿಸಿದ. ಗುರುಗಳ ಹುಬ್ಬು ಮೇಲೇರಿತು. ಮರದ ನಡುಕ ಅಂಗೈಯಿಂದ ಮೊಳಕೈಗೆ ಏರುತ್ತಿರಬೇಕು.

"ಇದು ಷಡ್ಜ," ಎಂದರು. ಸ್ವಲ್ಪ ಹೊತ್ತಿಗೆ, "ಇದು ಪಂಚಮ." ಎರಡೂ ಸರಿಯಾಗಿದ್ದವು. ಮುಖದಲ್ಲಿ ಎಳೆಮಗುವಿನ ನಗು ಇತ್ತು.

ಅಂದಿನಿಂದ ಅದೇ ರೂಢಿಯಾಯಿತು. ದಿನಾ ಬೆಳಿಗ್ಗೆ ಗುರುಗಳು ಗಿಟಾರಿನ ಮೇಲೆ ಅಂಗೈಯಿಟ್ಟು ಕೂರುತ್ತಿದ್ದರು. ತೋಂಟೇಶ ನುಡಿಸುತ್ತಿದ್ದ. ಅವಸರವಾದಾಗ ಅವರ ಬೆರಳು ಹಲಗೆಯ ಮೇಲೆ ಒಮ್ಮೆ ಒತ್ತುತ್ತಿತ್ತು. ಅವನು ಹಿಂದಕ್ಕೆ ಹೋಗಿ ಮತ್ತೆ ನುಡಿಸುತ್ತಿದ್ದ.

ಒಂದು ಸಂಗತಿಯನ್ನು ಮಾತ್ರ ಅವನು ಪಾಟಿಯ ಮೇಲೆ ಬರೆಯಲಿಲ್ಲ. ಅಂಗೈ ಊರಿದ ಮರ ನುಡಿಯುವುದಿಲ್ಲ. ಅವರ ಕೈ ಹಲಗೆಯ ಮೇಲಿದ್ದಷ್ಟು ಹೊತ್ತು ಸ್ವರ ಎದ್ದು ನಾಲ್ಕು ಹೆಜ್ಜೆ ನಡೆದು ಕುಸಿಯುತ್ತಿತ್ತು. ಯಾವ ದನಿಗಾಗಿ ಮೂರು ವರ್ಷ ಕೊಟ್ಟು ಬಂದಿದ್ದನೋ ಆ ದನಿ ಇರುತ್ತಿರಲಿಲ್ಲ. ಪ್ಲೈವುಡ್ಡಿಗೂ ಇದಕ್ಕೂ ಭೇದ ತಿಳಿಯುತ್ತಿರಲಿಲ್ಲ.

ಒಂದು ದಿನ ನೀಲವ್ವ ಬಾಗಿಲಿಗೆ ಬಂದು ಕೇಳಿದಳು. "ಯಾಕ ತಮ್ಮಾ, ನೀ ಬಂದ ದಿನ ಅಷ್ಟು ದೊಡ್ಡದಾಗಿ ಕೇಳ್ತಿತ್ತು. ಈಗ ಕಂಬಳಿ ಹೊಚ್ಚಿದಂಗ ಕೇಳ್ತೈತಲ್ಲ?"

ತೋಂಟೇಶ ಬಾಯಿಯ ಮೇಲೆ ಬೆರಳಿಟ್ಟು ಸುಮ್ಮನಿರಲು ಸನ್ನೆ ಮಾಡಿದ. ಆಮೇಲೆ, ಗುರುಗಳಿಗೆ ಅವಳ ಮಾತು ಹೇಗೂ ಕೇಳಿಸಿರುವುದಿಲ್ಲ ಎಂಬುದು ಅವನಿಗೆ ನೆನಪಾಯಿತು.

ಆದರೆ ಗುರುಗಳು ಆ ಸನ್ನೆಯನ್ನು ನೋಡಿದರು.

ಅವರು ನೀಲವ್ವನ ಕಡೆ ನೋಡಿದರು. ಶಿಷ್ಯನ ಕಡೆ ನೋಡಿದರು. ತಂತಿಯ ಕಡೆ ನೋಡಿದರು.

"ಷಡ್ಜ ನುಡಿಸು," ಎಂದರು.

ತೋಂಟೇಶ ನುಡಿಸಿದ. ತಂತಿಯ ನಡುಕ ನಿಲ್ಲುವವರೆಗೂ ಅವರು ಅದನ್ನೇ ನೋಡುತ್ತಿದ್ದರು. ಬಹಳ ಹೊತ್ತು ಬೇಕಾಗಲಿಲ್ಲ.

"ಎಷ್ಟು ದಿನದಿಂದ ಹಿಂಗ?"

ತೋಂಟೇಶ ಪಾಟಿ ಮುಟ್ಟಲಿಲ್ಲ.

ಗುರುಗಳು ಹಲಗೆಯ ಮೇಲಿನ ಅಂಗೈಯನ್ನು ಮೆಲ್ಲಗೆ ಎತ್ತಿದರು. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹಿಂದೆ ಸರಿದು ಕುಳಿತರು. ಬಳಪವನ್ನು ಅವನ ಮುಂದೆ ತಳ್ಳಿದರು.

"ನುಡಿಸು," ಎಂದರು. "ಮುಗಿದ ಮ್ಯಾಲ, ಹೆಂಗ ಕೇಳ್ತು ಅಂತ ನನಗ ಬರದು ತೋರಿಸು."